ಪರ್ಕೋನಾ ಟೂಲ್‌ಕಿಟ್: ರೆಪ್ಲಿಕಾದಲ್ಲಿರೋ ಡೇಟಾ ಸರಿಯಾಗಿದೆಯಾ ಅಂತ ನೋಡೋಕೆ ನಾನು ನಂಬಿರುವ ಸಾಧನ

ಮೈಎಸ್‌ಕ್ಯುಎಲ್ ಡೇಟಾಬೇಸ್‌ನಲ್ಲಿ ಮೂಲ ಸರ್ವರ್‌ನ (ಸೋರ್ಸ್) ಬದಲಾವಣೆಗಳನ್ನು ನಕಲು ಸರ್ವರ್‌ಗೆ (ರೆಪ್ಲಿಕಾ) ಒಯ್ಯೋದೇ ರೆಪ್ಲಿಕೇಶನ್. ಅದನ್ನು ನೋಡಿಕೊಳ್ಳುವವರ ಕಣ್ಣು ಮೊದಲು ಹೋಗೋದು, ರೆಪ್ಲಿಕಾ ಎಷ್ಟು ಸೆಕೆಂಡ್ ಹಿಂದಿದೆ ಅಂತ ಹೇಳುವ 'ಸೆಕೆಂಡ್ಸ್ ಬಿಹೈಂಡ್' ಅಂಕಿಯ ಕಡೆಗೆ. ಅದು 0 ಇದ್ದರೆ ಎಲ್ಲ ಸರಿಯಿದೆ ಅಂದುಕೊಳ್ಳುತ್ತಾರೆ. ಆದರೆ ಆ ಸೊನ್ನೆಯ ಅರ್ಥ ಇಷ್ಟೇ: ತನ್ನ ಕೈಗೆ ಬಂದ ಬದಲಾವಣೆಗಳನ್ನು ರೆಪ್ಲಿಕಾ ಮಾಡಿ ಮುಗಿಸಿದೆ. ಎರಡೂ ಸರ್ವರ್‌ಗಳಲ್ಲಿ ಒಂದೇ ಡೇಟಾ ಇದೆಯಾ ಅನ್ನೋದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿಕೊಡೋದು ಪರ್ಕೋನಾ ಟೂಲ್‌ಕಿಟ್ ಅನ್ನುವ ಸಾಧನಗಳ ಗುಚ್ಛದಲ್ಲಿರುವ ಪಿಟಿ-ಟೇಬಲ್-ಚೆಕ್‌ಸಮ್. ಚೆಕ್‌ಸಮ್ ಅಂದರೆ ಡೇಟಾದಿಂದ ಲೆಕ್ಕ ಹಾಕಿದ ಒಂದು ಚಿಕ್ಕ ಗುರುತು; ಡೇಟಾ ಬೇರೆಯಾದರೆ ಅದೂ ಬೇರೆಯಾಗುತ್ತದೆ. ವರ್ಷಗಳಿಂದ ಬಳಸುತ್ತಿದ್ದೇನೆ. ರೆಪ್ಲಿಕಾ ಇಟ್ಟುಕೊಂಡ ಪ್ರತಿಯೊಬ್ಬರೂ ಇದನ್ನು ಓಡಿಸಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನನಗೆ ಇದರ ಬೆಲೆ ಗೊತ್ತಾಗಿದ್ದು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ. ಅಕೌಂಟ್ಸ್‌ನವರ ರಿಪೋರ್ಟ್ ರೆಪ್ಲಿಕಾದಿಂದ ಬರುತ್ತಿತ್ತು. ಅದರ ಮೊತ್ತಕ್ಕೂ ಸೋರ್ಸ್‌ನಲ್ಲಿದ್ದ ಮೊತ್ತಕ್ಕೂ ತಾಳೆಯಾಗಲಿಲ್ಲ. ಲ್ಯಾಗ್ (ರೆಪ್ಲಿಕಾ ಹಿಂದೆ ಬಿದ್ದ ಸಮಯ) 0, ಎರರ್ ಒಂದೂ ಇಲ್ಲ. ಚೆಕ್‌ಸಮ್ ಓಡಿಸಿದಾಗ ಪಾವತಿ ಟೇಬಲ್ಲಿನ ಮುಂದೆ ಡಿಫ್ಸ್ ಕಾಲಮ್ಮಿನಲ್ಲಿ 1 ಬಂತು, ಅಂದರೆ ಟೇಬಲ್ಲಿನ ಒಂದು ತುಂಡಿನಲ್ಲಿ (ಚಂಕ್) ವ್ಯತ್ಯಾಸ ಇದೆ. ರೆಪ್ಲಿಕಾದ ಚೆಕ್‌ಸಮ್ಸ್ ಟೇಬಲ್ ನೋಡಿದರೆ ಆ ಚಂಕ್ ಯಾವ ಐಡಿಯಿಂದ ಯಾವ ಐಡಿವರೆಗೆ ಅಂತ ಇತ್ತು. ಎರಡೂ ಕಡೆ ಸಾಲುಗಳ ಎಣಿಕೆ ಒಂದೇ, ಸಿಆರ್‌ಸಿ (ಚೆಕ್‌ಸಮ್) ಮಾತ್ರ ಬೇರೆ. ಅಂದರೆ ಸಾಲು ಕಳೆದುಹೋಗಿಲ್ಲ, ಒಳಗಿನ ಮೌಲ್ಯ ಬದಲಾಗಿದೆ. ಯಾರೋ ರೆಪ್ಲಿಕಾಗೆ ನೇರವಾಗಿ ಲಾಗಿನ್ ಆಗಿ ಅಪ್‌ಡೇಟ್ ಹೊಡೆದಿದ್ದರು. ರೀಡ್-ಓನ್ಲಿ ಹಾಕಿತ್ತು ನಿಜ, ಆದರೆ ಅದು ಸೂಪರ್ ಹಕ್ಕು ಇರುವವರನ್ನು ತಡೆಯೋದಿಲ್ಲ. ಅದಕ್ಕೆ 5.7ರಿಂದ ಬಂದ ಸೂಪರ್-ರೀಡ್-ಓನ್ಲಿಯೇ ಬೇಕು.

ಇಂಥ ವ್ಯತ್ಯಾಸ ನುಸುಳೋಕೆ ಇನ್ನೂ ದಾರಿಗಳಿವೆ. 1062 ಎರರ್ (ಅದೇ ಕೀ ಇರುವ ಸಾಲು ಆಗಲೇ ಇದೆ) ಬಂದು ರೆಪ್ಲಿಕೇಶನ್ ನಿಂತಿತು, ಯಾರೋ ಆ ಬದಲಾವಣೆಯನ್ನು ದಾಟಿಸುವ ಸ್ಕಿಪ್ ಕೌಂಟರ್ ಹಾಕಿ ಮುಂದೆ ಓಡಿಸಿದರು, ಅಲ್ಲಿಗೆ ಆಯಿತು. ಎಸ್‌ಕ್ಯುಎಲ್ ಆಜ್ಞೆಯನ್ನೇ ರೆಪ್ಲಿಕಾಗೆ ಕಳಿಸುವ ಸ್ಟೇಟ್‌ಮೆಂಟ್ ಫಾರ್ಮ್ಯಾಟ್‌ನಲ್ಲಿ ಆರ್ಡರ್ ಬೈ ಇಲ್ಲದ ಲಿಮಿಟ್ ಇಟ್ಟು ಡಿಲೀಟ್ ಮಾಡಿದರೆ ಎರಡೂ ಕಡೆ ಬೇರೆ ಬೇರೆ ಸಾಲು ಅಳಿಸಿ ಹೋಗಬಹುದು. 'ನಮ್ಮದು ರೋ ಫಾರ್ಮ್ಯಾಟ್, ನಮಗೇನೂ ಆಗಲ್ಲ' ಅನ್ನುವವರು ಜಾಸ್ತಿ. ಆದರೆ ಬದಲಾದ ಸಾಲುಗಳನ್ನೇ ಕಳಿಸುವ ರೋ ಫಾರ್ಮ್ಯಾಟ್‌ನಲ್ಲಿ ರೆಪ್ಲಿಕಾ ಪ್ರೈಮರಿ ಕೀ ಹಿಡಿದು ಸಾಲನ್ನು ಹುಡುಕುತ್ತದೆ, ಉಳಿದ ಕಾಲಮ್ಮುಗಳಲ್ಲಿ ಮೊದಲು ಏನಿತ್ತು ಅಂತ ತಾಳೆ ನೋಡೋದಿಲ್ಲ. ಆಗಾಗ ಬದಲಾಗುವ ಸಾಲು ಮುಂದಿನ ಅಪ್‌ಡೇಟ್‌ನಲ್ಲಿ ತಾನೇ ಸರಿಹೋಗುತ್ತದೆ. ಯಾರೂ ಮುಟ್ಟದ ಹಳೆಯ ಸಾಲು ತಪ್ಪಾಗಿಯೇ ಉಳಿಯುತ್ತದೆ. ಆ ರೆಪ್ಲಿಕಾವನ್ನೇ ಒಂದು ದಿನ ಸೋರ್ಸ್ ಮಾಡಿದರೆ ಆ ತಪ್ಪೇ ನಿಮ್ಮ ಅಸಲಿ ಡೇಟಾ ಆಗಿಬಿಡುತ್ತದೆ, ಅಲ್ವಾ?

ಈ ಸಾಧನ ಕೆಲಸ ಮಾಡುವ ರೀತಿ ನನಗೆ ಬಹಳ ಇಷ್ಟ. ಟೇಬಲ್ಲನ್ನು ಚಂಕ್‌ಗಳಾಗಿ ಒಡೆದು, ಪ್ರತಿ ಚಂಕ್‌ಗೂ ಸೋರ್ಸ್‌ನಲ್ಲಿ ಒಂದು ಚೆಕ್‌ಸಮ್ ಕ್ವೆರಿ ಓಡಿಸುತ್ತದೆ. ಆ ಸೆಶನ್‌ಗೆ ಮಾತ್ರ ಸ್ಟೇಟ್‌ಮೆಂಟ್ ಫಾರ್ಮ್ಯಾಟ್ ಇಟ್ಟುಕೊಳ್ಳುವುದರಿಂದ ಅದೇ ಕ್ವೆರಿ ಬಿನ್‌ಲಾಗ್ (ಬದಲಾವಣೆಗಳನ್ನು ಬರೆದಿಡುವ ಕಡತ) ಮೂಲಕ ರೆಪ್ಲಿಕಾಗೆ ಹೋಗಿ, ಅಲ್ಲಿನ ಡೇಟಾದ ಮೇಲೆ ಅದೇ ಕ್ರಮದಲ್ಲಿ ಮತ್ತೆ ಓಡುತ್ತದೆ. ಸರ್ವರ್ ನಿಲ್ಲಿಸಬೇಕಾಗಿಲ್ಲ, ಬರೆಯುವುದನ್ನು ತಡೆಯಬೇಕಾಗಿಲ್ಲ. ಒಂದು ಚಂಕ್ ಅರ್ಧ ಸೆಕೆಂಡಿನಲ್ಲಿ ಮುಗಿಯುವ ಹಾಗೆ ಗಾತ್ರವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ರೆಪ್ಲಿಕಾ 1 ಸೆಕೆಂಡಿಗಿಂತ ಹಿಂದೆ ಬಿದ್ದರೆ ಸುಮ್ನೆ ಕಾಯುತ್ತದೆ. ಹಾಗಾಗಿ ಹಗಲಲ್ಲೇ ಓಡಿಸೋಕೂ ನಾನು ಹಿಂಜರಿಯೋದಿಲ್ಲ.

ಒಂದು ಕಿವಿಮಾತು: ಡಿಫ್ಸ್ ಕಾಲಮ್ ಮಾತ್ರ ನೋಡಬೇಡಿ, ಸ್ಕಿಪ್ಡ್ ಕಾಲಮ್ಮನ್ನೂ ನೋಡಿ. ತೀರಾ ದೊಡ್ಡದಾದ ಚಂಕನ್ನು, ಸರಿಯಾದ ಇಂಡೆಕ್ಸ್ ಬಳಕೆಯಾಗದ ಚಂಕನ್ನು ಇದು ಬಿಟ್ಟುಬಿಡುತ್ತದೆ. ಅಲ್ಲಿ ಡಿಫ್ಸ್ 0 ಇದ್ದರೂ ಆ ಭಾಗದ ಪರೀಕ್ಷೆಯೇ ಆಗಿರೋದಿಲ್ಲ. ರೆಪ್ಲಿಕಾದ ಕೆಳಗೆ ಇನ್ನೊಂದು ರೆಪ್ಲಿಕಾ ಇದ್ದು, ನಡುವಿನದು ರೋ ಫಾರ್ಮ್ಯಾಟ್‌ನಲ್ಲಿದ್ದರೆ ಕೊನೆಯದರ ಪರೀಕ್ಷೆಯೂ ಹೀಗೆ ನಡೆಯೋದಿಲ್ಲ. ಸಾಧನ ಮೊದಲೇ ಎಚ್ಚರಿಸಿ ನಿಲ್ಲುತ್ತದೆ. ಆ ಎಚ್ಚರಿಕೆಯನ್ನು ಆಫ್ ಮಾಡುವ ಆಯ್ಕೆ ಇದೆ, ಸರಪಳಿ ಇರುವ ಕಡೆ ಅದನ್ನು ಹಾಕಬೇಡಿ.

ಇನ್ನು ರಿಪೇರಿಯ ಸಾಧನ ಪಿಟಿ-ಟೇಬಲ್-ಸಿಂಕ್. ಇದರ ಮೇಲೆ ನನಗೆ ಗೌರವ ಇದೆ, ಸ್ವಲ್ಪ ಭಯವೂ ಇದೆ. ಇದು ಬದಲಾವಣೆಯನ್ನು ಸೋರ್ಸ್‌ನಲ್ಲೇ ಮಾಡುತ್ತದೆ. ಇರುವ ಮೌಲ್ಯವನ್ನೇ ರಿಪ್ಲೇಸ್ ಮಾಡುವುದರಿಂದ ಸೋರ್ಸ್‌ನಲ್ಲಿ ಏನೂ ಬದಲಾಗೋದಿಲ್ಲ, ಬಿನ್‌ಲಾಗ್ ಮೂಲಕ ರೆಪ್ಲಿಕಾ ಸರಿಹೋಗುತ್ತದೆ. ಯೋಚನೆ ಚೆನ್ನಾಗಿದೆ. ಆದರೆ ರಿಪ್ಲೇಸ್ ಅಂದರೆ ಒಳಗೆ ಡಿಲೀಟ್ ಮಾಡಿ ಇನ್ಸರ್ಟ್ ಮಾಡೋದು. ಆನ್ ಡಿಲೀಟ್ ಕ್ಯಾಸ್ಕೇಡ್ ಇರುವ ಫಾರಿನ್ ಕೀ ಇದ್ದರೆ ಮಕ್ಕಳ ಟೇಬಲ್ಲಿನ ಸಾಲುಗಳು ಅಳಿಸಿಹೋಗಬಹುದು, ಅದೂ ಸೋರ್ಸ್‌ನಲ್ಲಿ. ಅಂಥ ಟೇಬಲ್ಲನ್ನು ಸಾಧನ ತಾನಾಗಿ ಬಿಟ್ಟುಬಿಡುತ್ತದೆ, ದಯವಿಟ್ಟು ಆ ತಡೆಯನ್ನು ತೆಗೆಯಬೇಡಿ. ಟ್ರಿಗರ್ (ಟೇಬಲ್ ಬದಲಾದಾಗ ತಾನೇ ಓಡುವ ಕೋಡ್) ಇದ್ದರೂ ಇಷ್ಟೇ ಜಾಗ್ರತೆ ಬೇಕು. ನಾನಂತೂ ಮೊದಲು ಪ್ರಿಂಟ್ ಆಯ್ಕೆ ಹಾಕಿ, ಬರುವ ಎಸ್‌ಕ್ಯುಎಲ್ ಅನ್ನು ಸಾಲು ಸಾಲಾಗಿ ಓದುತ್ತೇನೆ. ಸಾವಿರಾರು ಸಾಲು ಬಂದರೆ ರಿಪೇರಿ ಬಿಟ್ಟು ಹೊಸ ಬ್ಯಾಕಪ್‌ನಿಂದ ರೆಪ್ಲಿಕಾವನ್ನೇ ಮತ್ತೆ ಕಟ್ಟುತ್ತೇನೆ.

ಫ್ಲೋಟ್ (ದಶಮಾಂಶ ಸಂಖ್ಯೆಯ) ಕಾಲಮ್ಮುಗಳು ಆಗಾಗ ಸುಳ್ಳು ವ್ಯತ್ಯಾಸ ತೋರಿಸುತ್ತವೆ, ಎರಡು ಸರ್ವರ್‌ಗಳ ಆವೃತ್ತಿ ಬೇರೆಯಾಗಿದ್ದರೆ ಇನ್ನೂ ಜಾಸ್ತಿ. ದಶಮಾಂಶ ಎಷ್ಟು ಸ್ಥಾನದವರೆಗೆ ನೋಡಬೇಕು ಅಂತ ಹೇಳುವ ಆಯ್ಕೆ ಇದೆ, ಅಷ್ಟು ಸಾಕು.

ಟೂಲ್‌ಕಿಟ್ ಉಚಿತ, ಜಿಪಿಎಲ್ ಲೈಸೆನ್ಸ್. ಮಾಟ್‌ಕಿಟ್ ಮತ್ತು ಆಸ್ಪರ್ಸಾ ಅನ್ನುವ ಎರಡು ಯೋಜನೆಗಳು 2011ರಲ್ಲಿ ಸೇರಿ ಇದಾಯಿತು. ಬಹುಪಾಲು ಪರ್ಲ್‌ನಲ್ಲಿ ಬರೆದಿದ್ದಾರೆ. ಹೊಸ ಸರ್ವರ್‌ನಲ್ಲಿ ಪರ್ಲ್ ಅನ್ನು ಮೈಎಸ್‌ಕ್ಯುಎಲ್‌ಗೆ ಜೋಡಿಸುವ ಡಿಬಿಡಿ-ಮೈಎಸ್‌ಕ್ಯುಎಲ್ ಮಾಡ್ಯೂಲ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಕೊಳ್ಳಿ. ಮೈಎಸ್‌ಕ್ಯುಎಲ್ 8.4ಕ್ಕೆ ಹೋಗುವವರು ಟೂಲ್‌ಕಿಟ್ಟನ್ನೂ ಹೊಸದು ಮಾಡಿಕೊಳ್ಳಬೇಕು. 'ಶೋ ಸ್ಲೇವ್ ಸ್ಟೇಟಸ್' ಅನ್ನು 8.4ರಿಂದ ತೆಗೆದು 'ಶೋ ರೆಪ್ಲಿಕಾ ಸ್ಟೇಟಸ್' ಒಂದನ್ನೇ ಉಳಿಸಿದ್ದಾರೆ, ಹಳೆಯದನ್ನು ನೆಚ್ಚಿಕೊಂಡ ಟೂಲ್‌ಕಿಟ್ ಅಲ್ಲಿ ಮುಗ್ಗರಿಸುತ್ತದೆ.