ಒಂದನೆಯ ತರಗತಿಗೆ ಸೇರಿಸುವ ಮುನ್ನ: ಕನ್ನಡ ಮಾಧ್ಯಮವೋ, ಇಂಗ್ಲಿಷ್ ಮಾಧ್ಯಮವೋ?

ರಾಜ್ಯದ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿದೆ. 2019–20ರಲ್ಲಿ ಆಯ್ದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದವು. ಇವೆರಡರಲ್ಲಿ ಒಂದನ್ನು ಆರಿಸುವ ಪಾಲಕರು ಮೊದಲು ಮನೆಮಾತನ್ನು ಗಮನಿಸಬೇಕು. ಶಿರಸಿಯ ಹವ್ಯಕ ಮನೆಯ ಮಗುವಿಗೆ ಪಠ್ಯಪುಸ್ತಕದ ಕನ್ನಡವು ಮನೆಮಾತಿನದೇ ಇನ್ನೊಂದು ರೂಪ. ಕಾರವಾರದ ಕೊಂಕಣಿ ಮನೆಯ ಮಗುವಿಗಾದರೋ ಕನ್ನಡವೇ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಆದರೂ ಕನ್ನಡವು ಬಸ್ಸಿನಲ್ಲಿ, ಪೇಟೆಯಲ್ಲಿ, ಯಕ್ಷಗಾನದ ಆಟದಲ್ಲಿ ಆ ಮಗುವಿನ ಕಿವಿಗೆ ಬೀಳುತ್ತಲೇ ಇರುತ್ತದೆ. ಇಂಗ್ಲಿಷಿಗೆ ಅಂಥ ಆಸರೆ ಇಲ್ಲದ ಮನೆಗಳಲ್ಲಿ ಮಗು ಗಣಿತದ ಲೆಕ್ಕವನ್ನೂ ಅದನ್ನು ಹೇಳುವ ಭಾಷೆಯನ್ನೂ ಏಕಕಾಲಕ್ಕೆ ಕಲಿಯಬೇಕಾಗುತ್ತದೆ, ಮತ್ತು ಅರ್ಥವಾಗದ ಉತ್ತರವನ್ನು ಬಾಯಿಪಾಠ ಮಾಡುವ ಅಭ್ಯಾಸ ಅಲ್ಲಿಂದಲೇ ಶುರುವಾಗುತ್ತದೆ. ಇದು ನನ್ನನ್ನು ನಿಜಕ್ಕೂ ಕಾಡುವ ಸಂಗತಿ.

ಇಂಗ್ಲಿಷ್ ಮಾಧ್ಯಮದ ಲಾಭವೂ ಸಣ್ಣದಲ್ಲ: ಆ ಭಾಷೆಯ ಒಡನಾಟ ದಿನಕ್ಕೆ ಹಲವು ಗಂಟೆ ಸಿಗುತ್ತದೆ, ಪಿಯುಸಿ ವಿಜ್ಞಾನಕ್ಕೆ ಹೋದಾಗ ಮಾಧ್ಯಮ ಬದಲಿಸುವ ಕಷ್ಟವೂ ಇರುವುದಿಲ್ಲ. ಕೈಗಾ ಅಣುವಿದ್ಯುತ್ ಸ್ಥಾವರದ ಅಥವಾ ಕಾರವಾರದ ನೌಕಾನೆಲೆಯ ನೌಕರಿಯಿಂದಾಗಿ ಹೊರರಾಜ್ಯಕ್ಕೆ ವರ್ಗವಾಗುವ ಕುಟುಂಬಕ್ಕೆ ಅದೇ ಸೂಕ್ತ. ಊರಲ್ಲೇ ನೆಲೆಸುವ, ಮನೆಯಲ್ಲಿ ಇಂಗ್ಲಿಷ್ ಓದಿ ಹೇಳುವವರಿಲ್ಲದ ಕುಟುಂಬಕ್ಕೆ ನಾನು ಕನ್ನಡ ಮಾಧ್ಯಮವನ್ನೇ ಸೂಚಿಸುತ್ತೇನೆ. ಆದರೆ ಅಲ್ಲಿನ ಇಂಗ್ಲಿಷ್ ತರಗತಿಯಲ್ಲಿ ಮಕ್ಕಳೂ ಬಾಯಿಬಿಟ್ಟು ಮಾತಾಡುತ್ತಾರೆಯೇ ಎಂಬುದನ್ನು ದಾಖಲಾತಿಗೆ ಮುನ್ನ ಶಿಕ್ಷಕರಲ್ಲಿ ವಿಚಾರಿಸಿ.