ಕ್ಯಾಂಟನ್ ಟವರ್: ಟಿಕೆಟ್ ತೆಗೆಯುವ ಮುಂಚೆ ಒಮ್ಮೆ ತಲೆ ಎತ್ತಿ ನೋಡಿ

ಏಪ್ರಿಲ್‌ನಲ್ಲಿ ಚೀನಾದ ಗುವಾಂಗ್‌ಝೌಗೆ ಹೋಗಿದ್ದೆ. ಬೆಂಗಳೂರಿನಲ್ಲಿ ನಮ್ಮದು ಲೈಟಿನ ಅಂಗಡಿ, ಹಾಗಾಗಿ ಗುವಾಂಗ್‌ಝೌನ ದೊಡ್ಡ ವ್ಯಾಪಾರ ಮೇಳ ಕ್ಯಾಂಟನ್ ಫೇರ್ (ಕ್ಯಾಂಟನ್ ಅನ್ನೋದು ಆ ಊರಿನ ಹಳೇ ಹೆಸರು) ಅಂದರೆ ನಮಗೆ ವ್ಯಾಪಾರವೇ, ಟೂರ್ ಅಲ್ಲ. ಮೂರು ದಿನ ಹಾಲ್‌ನಿಂದ ಹಾಲ್‌ಗೆ ನಡೆದೂ ನಡೆದೂ ಕಾಲು ಊದಿಕೊಂಡಿತ್ತು. ನಾಲ್ಕನೇ ದಿನ ಸಂಜೆ, ಜೊತೆಗೆ ಬಂದಿದ್ದ ಪಕ್ಕದ ಅಂಗಡಿಯ ಅಣ್ಣ "ಇಲ್ಲೀತನಕ ಬಂದು ಆ ಟವರ್ ನೋಡದೆ ಹೋದರೆ ಮನೇಲಿ ಬೈತಾರೆ ಕಣೋ" ಅಂದರು. ಸರಿ, ಹೊರಟೆವು.

ಫೇರ್ ನಡೆಯುವ ಪಝೌನಿಂದ ಹೋಗೋದಾದರೆ ಮೆಟ್ರೋ ಬಿಡಿ, ಟ್ರಾಮ್ ಹತ್ತಿ. ಪರ್ಲ್ ನದಿಯ ದಡದಲ್ಲೇ ಹೋಗುತ್ತದೆ. ತಲೆ ಮೇಲೆ ಕರೆಂಟ್ ತಂತಿ ಇಲ್ಲ, ಒಳಗೆ ಸೂಪರ್ ಕೆಪಾಸಿಟರ್ ಇದೆ (ಬಲು ಬೇಗ ಚಾರ್ಜ್ ಆಗುವ ಬ್ಯಾಟರಿ ಥರದ್ದು), ಸ್ಟಾಪಿನಲ್ಲಿ ಜನ ಹತ್ತಿ ಇಳಿಯುವಷ್ಟರಲ್ಲಿ ಚಾರ್ಜ್ ಆಗಿ ಹೊರಟುಬಿಡುತ್ತದೆ. ಕೊನೇ ಸ್ಟಾಪೇ ಟವರ್.

ಇನ್ನು ಟವರ್ ವಿಷಯ. ಇದು ಟಿವಿ, ರೇಡಿಯೋ ಪ್ರಸಾರದ ಗೋಪುರ. 2010ರ ಏಷ್ಯನ್ ಗೇಮ್ಸ್ ಹೊತ್ತಿಗೆ ತೆರೆದದ್ದು. ಕಟ್ಟಡವೇ 454 ಮೀಟರ್, ಅದರ ಮೇಲೆ ಆಂಟೆನಾ ಸೇರಿ 600. ಎತ್ತರದ ಲೆಕ್ಕ ಕೇಳಿದರೆ ನನಗೇನೂ ಅನಿಸಲಿಲ್ಲ. ಅನಿಸಿದ್ದು ಬುಡದಲ್ಲಿ ನಿಂತು ಮೇಲೆ ನೋಡಿದಾಗ. ಅಲ್ಲಿನ ಜನ ಇದನ್ನು ‘ಶ್ಯಾವ್ ಮಾನ್ ಯಾವ್’ ಅಂತ ಪ್ರೀತಿಯಿಂದ ಕರೆಯುತ್ತಾರೆ. ನಮ್ಮ ಮಾತಿನಲ್ಲಿ ಹೇಳೋದಾದರೆ ಬಡನಡು. ಕೆಳಗೆ ಅಗಲ, ಮೇಲೆ ಅಗಲ, ನಡುವೆ ಮಾತ್ರ ಸಣ್ಣಗೆ ತಿರುಚಿಕೊಂಡ ಸೊಂಟ. ಇದನ್ನು ಹೇಗೆ ಬಗ್ಗಿಸಿದರಪ್ಪಾ ಅಂತ ಯೋಚಿಸುತ್ತಿದ್ದೆ. ಆದರೆ ಬಗ್ಗಿಸಿಯೇ ಇಲ್ಲ! ಸುತ್ತಲಿನ 24 ಉಕ್ಕಿನ ಕಂಬಗಳೂ ನೆಟ್ಟಗೇ ಇವೆ, ಓರೆಯಾಗಿ ನಿಲ್ಲಿಸಿದ್ದಾರೆ ಅಷ್ಟೇ. ಮನೆಯಲ್ಲಿ ಒಂದು ಹಿಡಿ ಕಡ್ಡಿಪೊರಕೆ ಕಡ್ಡಿ ತೆಗೆದುಕೊಂಡು, ಎರಡೂ ತುದಿ ಹಿಡಿದು, ಒಂದು ಕೈ ಸ್ವಲ್ಪ ತಿರುಗಿಸಿ ನೋಡಿ. ಕಡ್ಡಿ ನೆಟ್ಟಗೇ ಇರುತ್ತದೆ, ನಡುವೆ ಸೊಂಟ ತಾನಾಗಿ ಬರುತ್ತದೆ. ಅದೇ ಲೆಕ್ಕ. ವಿನ್ಯಾಸ ಮಾಡಿದ್ದು ಮಾರ್ಕ್ ಹೆಮೆಲ್, ಬಾರ್ಬರಾ ಕೌಟ್ ಅನ್ನೋ ಆಮ್ಸ್ಟರ್‌ಡ್ಯಾಮ್‌ನ ಇಬ್ಬರು. ಇಷ್ಟು ನೋಡಲು ಒಂದು ಯುವಾನ್ ಕೂಡ ಕೊಡಬೇಕಿಲ್ಲ, ಅರ್ಧ ಗಂಟೆ ಬುಡದಲ್ಲೇ ಸುತ್ತಿ, ಬೇರೆ ಬೇರೆ ಕಡೆಯಿಂದ ನೋಡಿ, ಒಂದೊಂದು ಕಡೆಯಿಂದ ಒಂದೊಂದು ಥರ ಕಾಣುತ್ತದೆ.

ನಾವು ಇಷ್ಟಕ್ಕೇ ಸುಮ್ಮನಿರಬೇಕಿತ್ತು. ಆದರೆ ಬಂದಿದ್ದೇವಲ್ಲ, ಹತ್ತೇಬಿಡೋಣ ಅನಿಸಿತು. ಟಿಕೆಟ್‌ನಲ್ಲಿ ಹಲವು ದರ್ಜೆ ಇದೆ, ಎತ್ತರ ಹೆಚ್ಚಿದಂತೆ ದುಡ್ಡೂ ಹೆಚ್ಚು. ನಾವು ಬಬಲ್ ಟ್ರಾಮ್ ಸೇರಿದ ದುಬಾರಿ ಟಿಕೆಟ್ಟೇ ತಗೊಂಡೆವು. ಅದು ನಮ್ಮ ಜಾತ್ರೆಯ ಜೈಂಟ್ ವೀಲ್ ಥರ ನಿಂತುಕೊಂಡು ಸುತ್ತುವುದಿಲ್ಲ. ಓರೆಯಾದ ತಾರಸಿಯ ಅಂಚಿನಲ್ಲಿ ಹಳಿ ಹಾಕಿ, ಅದರ ಮೇಲೆ 16 ಗಾಜಿನ ಬುಟ್ಟಿಗಳು ನಿಧಾನ ಹರಿಯುತ್ತವೆ. ಲಿಫ್ಟಿನಲ್ಲಿ ಕಿವಿ ಗುಂಯ್ ಅಂದಿತು, ಮೇಲೆ ಕ್ಯೂ ನಿಂತೆವು, ಬುಟ್ಟಿಯೊಳಗೆ ಕೂತೆವು.

ಹೊರಗೆ ಹಾಲು. ಬರೀ ಬಿಳಿ. ನದಿ ಇಲ್ಲ, ಊರಿಲ್ಲ, ಮುಂದಿನ ಬುಟ್ಟಿಯೂ ಮಸುಕು. ಆ ಊರಿನಲ್ಲಿ ಏಪ್ರಿಲ್ ಅಂದರೆ ತೇವ, ಮಂಜು, ಮೋಡ. ಗಾಜಿನ ಹೊರಗಡೆ ನೀರಿನ ಹನಿಗಳು ಒಂದಕ್ಕೊಂದು ಸೇರಿ ಜಾರುತ್ತಿದ್ದವು, ಇಪ್ಪತ್ತು ನಿಮಿಷ ಅದನ್ನೇ ನೋಡಿದೆ. ಅಣ್ಣ ನಿಟ್ಟುಸಿರು ಬಿಟ್ಟು "ನಂದಿ ಬೆಟ್ಟಕ್ಕೆ ಹೋಗಿದ್ರೆ ಇದೇ ಮೋಡ ಬಿಟ್ಟಿ ಸಿಗ್ತಿತ್ತಲ್ಲೋ" ಅಂದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ತಾರಸಿಗಿಂತಲೂ ಮೇಲೆ, ಆಂಟೆನಾ ಭಾಗದಲ್ಲಿ, 488 ಮೀಟರಿನಲ್ಲಿ ಹೊರಗೆ ನಿಲ್ಲುವ ಜಾಗವೂ ಇದೆ. ಅಲ್ಲಿ ಗಾಳಿ ಮುಖಕ್ಕೆ ಒದ್ದೆ ಬಟ್ಟೆ ಒರೆಸಿದ ಹಾಗಿತ್ತು. ಅಲ್ಲೂ ಅದೇ ಬಿಳಿ.

ತಪ್ಪು ಟವರಿನದ್ದಲ್ಲ, ನಮ್ಮದೇ. ಕೆಳಗಿನಿಂದ ನೋಡಿದಾಗಲೇ ಆಂಟೆನಾ ಕಾಣುತ್ತಿರಲಿಲ್ಲ, ತುದಿ ಮೋಡದೊಳಗೆ ಹೋಗಿತ್ತು, ನಾವು ಅದನ್ನೇ ಚೆಂದ ಅಂತ ಫೋಟೋ ಬೇರೆ ತೆಗೆದಿದ್ದೆವು! ಆಂಟೆನಾ ತುದಿ ಕಾಣದಿದ್ದರೆ ಟಿಕೆಟ್ ತೆಗೆಯಬೇಡಿ, ಇನ್ನೊಂದು ದಿನ ಬನ್ನಿ. ಅಕ್ಟೋಬರ್ ಫೇರಿಗೆ ಹೋಗುವವರಿಗೆ ಆಕಾಶ ತಿಳಿಯಾಗಿ ಸಿಗುವ ಸಾಧ್ಯತೆ ಜಾಸ್ತಿ. ಪಾಸ್‌ಪೋರ್ಟ್ ಜೊತೆಗಿರಲಿ. ಫೋನಿನಲ್ಲಿ ಅಲಿಪೇ ಮೊದಲೇ ಸರಿ ಮಾಡಿಕೊಂಡಿರಿ, ಅಲ್ಲಿ ಎಲ್ಲರೂ ಫೋನಿನಲ್ಲೇ ಕೊಡೋದು. ಮೇಲೆ ಮಾರುವ ಗೊಂಬೆ, ಕೀಚೈನು ಬೇಡವೇ ಬೇಡ.

ಇಳಿದು ಬರುವಾಗ ಕತ್ತಲಾಗಿತ್ತು. ಬುಡದಿಂದಲೇ ಚಾಲಕನಿಲ್ಲದ ಪುಟ್ಟ ಎಪಿಎಂ ರೈಲು ಹೊರಡುತ್ತದೆ. ಒಂದೇ ಸ್ಟಾಪ್, ನದಿಯ ಆಚೆ ಹೈಶಿನ್‌ಶಾದಲ್ಲಿ ಇಳಿದು ತಿರುಗಿ ನೋಡಿದರೆ ಇಡೀ ಟವರ್ ಹೊತ್ತಿಕೊಂಡಿತ್ತು. ಕಂಬಗಳೂ ಅವನ್ನು ಬಳೆಯಂತೆ ಸುತ್ತುವ ಉಕ್ಕಿನ ಉಂಗುರಗಳೂ ಸೇರುವ ಒಂದೊಂದು ಗಂಟಿನಲ್ಲೂ ಎಲ್‌ಇಡಿ, ಒಂದೊಂದನ್ನೂ ಬೇರೆ ಬೇರೆಯಾಗಿ ಕಂಟ್ರೋಲ್ ಮಾಡಬಹುದು. ನೀಲಿ ಕೆಳಗಿನಿಂದ ಏರಿ ಸೊಂಟದ ಹತ್ತಿರ ಗುಲಾಬಿಯಾಗಿ, ಮೇಲೆ ಮೋಡಕ್ಕೆ ತಾಗಿ ಮೋಡವೂ ಬಣ್ಣ ಹಿಡಿಯುತ್ತಿತ್ತು. ದಿನಾ ಲೈಟ್ ಮಾರುವ ನಾವಿಬ್ಬರೂ ಬಾಯಿ ಮುಚ್ಚಿಕೊಂಡು ನಿಂತೆವು. ಚೀಲದಲ್ಲಿದ್ದ ಕೋಡುಬಳೆ ಖಾಲಿಯಾಗುವ ತನಕ ನೋಡಿದೆವು.

ಆಮೇಲೆ ಅಣ್ಣ ಕೇಳಿದ್ದು ಒಂದೇ: "ಇದರಲ್ಲಿ ಒಂದು ಲೈಟ್ ಕೆಟ್ಟರೆ ಬದಲಾಯಿಸೋಕೆ ಯಾರು ಹತ್ತುತ್ತಾರೋ?"