ಹ್ಯಾವಕ್ ಹಾಕಿ ನೋಡಿದೆ: ಎಟಿಮಾನ್‌ಲೈನ್ ಹೇಗಿದೆ?

ಯಾವ ಡಿಕ್ಷನರಿ ಕೈಗೆ ಸಿಕ್ಕರೂ ನಾನು ಮೊದಲು ಹುಡುಕುವ ಪದ ಒಂದೇ, ಇಂಗ್ಲಿಷಿನ ಹ್ಯಾವಕ್ (havoc), ಅಂದರೆ ಹಾವಳಿ. ಹೊಸ ಪೆನ್ನು ಕೊಟ್ಟರೆ ಕೆಲವರು ತಮ್ಮ ಸಹಿಯನ್ನೇ ಗೀಚಿ ನೋಡುತ್ತಾರಲ್ಲ, ಹಾಗೆ. ಈ ಚಟ ಹತ್ತಿದ್ದು, ಇಂಗ್ಲಿಷ್ ಪದಗಳ ಮೂಲ ಹೇಳುವ ಎಟಿಮಾನ್‌ಲೈನ್ ಅನ್ನುವ ಸೈಟು ಸಿಕ್ಕಿದ್ದು, ಎರಡೂ ಒಂದು ಮುಜುಗರದಿಂದ.

ಸಾಫ್ಟ್‌ವೇರ್ ಅಪ್‌ಡೇಟ್ ಆದ ಮಾರನೇ ದಿನ ನಮ್ಮ ಟೀಮಿನ ಫೈಲುಗಳೆಲ್ಲ ದಿಕ್ಕಾಪಾಲಾಗಿದ್ದವು. ಅದನ್ನು ಮೇಲ್‌ನಲ್ಲಿ ತಿಳಿಸುವಾಗ ಸುಮ್ನೆ ತೊಂದರೆ ಆಯ್ತು ಅನ್ನುವ ಬದಲು ಸ್ವಲ್ಪ ಗತ್ತು ಇರಲಿ ಅಂತ ‘ರೆಕ್ಡ್ ಹ್ಯಾವಕ್’ ಎಂದು ಬರೆದೆ. ಐದೇ ನಿಮಿಷ. ಎಲ್ಲರಿಗೂ ಕಾಪಿ ಹಾಕಿ ಒಬ್ಬರ ಉತ್ತರ ಬಂತು: ‘ಅಂದರೆ ಅಪ್‌ಡೇಟು ಹಾವಳಿಯನ್ನೇ ಹಾಳು ಮಾಡಿತು. ಒಳ್ಳೆಯದೇ ಆಯ್ತು, ಅಲ್ವಾ?’

ರೆಕ್ (wreck) ಅಂದರೆ ಒಡೆದು ಹಾಳು ಮಾಡುವುದು. ಹ್ಯಾವಕ್ ಜೊತೆ ಬರಬೇಕಾದ್ದು ರೀಕ್ (wreak), ಅಂದರೆ ಹಾನಿ ಉಂಟುಮಾಡುವುದು. ಸ್ಪೆಲ್ಲಿಂಗಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ಸಿ ಇರುವ ಜಾಗದಲ್ಲಿ ಎ. ಫೋನಿನಲ್ಲಿದ್ದ ಡಿಕ್ಷನರಿ ಆ್ಯಪ್ ತೆರೆದೆ (ಹೆಸರು ಬೇಡ ಬಿಡಿ). ಹ್ಯಾವಕ್: ನಾಶ, ಹಾನಿ, ಹಾವಳಿ. ಮುಗೀತು. ಯಾವ ಕ್ರಿಯಾಪದದ ಜೊತೆ ಬಳಸಬೇಕು, ಯಾಕೆ ಅದೇ ಬೇಕು, ಡೆಸ್ಟ್ರಕ್ಷನ್‌ಗೂ ಇದಕ್ಕೂ ಏನು ಫರಕು, ಏನೂ ಇಲ್ಲ. ಅರ್ಥ ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆ ಎಲ್ಲವೂ.

ಹಾಗೆ ಹುಡುಕುತ್ತಾ ಹೋಗಿ ತಲುಪಿದ್ದು ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ. ಜನ ಕರೆಯುವುದು ಎಟಿಮಾನ್‌ಲೈನ್ ಅಂತ. ಇಂಗ್ಲಿಷ್ ಪದಗಳು ಎಲ್ಲಿಂದ ಬಂದವು ಅಂತ ಹೇಳುವ ಸೈಟ್. ಓದಲು ದುಡ್ಡು ಕೊಡಬೇಕಿಲ್ಲ. ಡಗ್ಲಸ್ ಹಾರ್ಪರ್ ಎನ್ನುವ ಅಮೆರಿಕದವರು ಶುರು ಮಾಡಿ, ಬಹುಪಾಲು ಒಬ್ಬರೇ ಬರೆದದ್ದು. ಅದು ಓದುವಾಗ ಗೊತ್ತಾಗುತ್ತದೆ ಕೂಡ. ಕಮಿಟಿ ಬರೆದ ಭಾಷೆಯ ಹಾಗಿಲ್ಲ.

ಹ್ಯಾವಕ್ ಪುಟದಲ್ಲಿ ಇರುವುದು ನಾಲ್ಕೈದು ಸಾಲು. ಆದರೆ ಆ ನಾಲ್ಕೈದು ಸಾಲು ನನಗೆ ಸರಿಯಾಗಿ ಬಡಿಯಿತು. ಹ್ಯಾವಕ್ ಮೊದಲು ನಾಶದ ಹೆಸರೇ ಅಲ್ಲ. ಅದೊಂದು ಕೂಗು. ಸೈನಿಕರಿಗೆ ‘ಇನ್ನು ಕೊಳ್ಳೆ ಹೊಡೆಯಿರಿ’ ಅಂತ ಕೊಡುವ ಸಿಗ್ನಲ್. 14ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಬಳಸುತ್ತಿದ್ದ ಫ್ರೆಂಚಿನಲ್ಲಿ ‘ಕ್ರಿಯೇ ಹ್ಯಾವಕ್’ ಅನ್ನುತ್ತಿದ್ದರು, ಹ್ಯಾವಕ್ ಕೂಗುವುದು ಅಂತ. ಅದರ ಹಿಂದೆ ಹಳೆಯ ಫ್ರೆಂಚಿನ ‘ಹಾವೋ’, ಅಂದರೆ ಸೂರೆ, ಲೂಟಿ. ಇಂಗ್ಲಿಷಿಗೆ ಬಂದ ಮೇಲೂ ಮೊದಮೊದಲು ಇದು ಆ ಕೂಗಿನ ಜೊತೆಗೇ ಅಂಟಿಕೊಂಡಿತ್ತು. ಬರೀ ‘ನಾಶ’ ಅನ್ನುವ ಅರ್ಥ ಬಂದಿದ್ದು 15ನೇ ಶತಮಾನದ ಕೊನೆಯ ಹೊತ್ತಿಗೆ. ಕೂಗು ಮೊದಲು, ಅದರ ಹಿಂದೆ ಲೂಟಿ, ಲೂಟಿ ಮುಗಿದ ಮೇಲೆ ಊರಿನಲ್ಲಿ ಏನು ಉಳಿಯುತ್ತದೋ ಅದೇ ಈಗ ನಾವು ಬಳಸುವ ಅರ್ಥ.

ನಮ್ಮ ಸೂರೆ ಪದದ ಕಥೆ ನೆನಪಾಯಿತು. ಅದೂ ಕೊಳ್ಳೆಯೇ. ಆದರೆ ಈಗ ನಾವು ‘ಹಾಡು ಮನಸೂರೆಗೊಂಡಿತು’ ಅನ್ನುತ್ತೇವೆ, ಯಾರಿಗೂ ಕತ್ತಿ ನೆನಪಾಗುವುದಿಲ್ಲ. ಒಂದೇ ಸಾಮಾನು, ಅಲ್ಲಿ ನಾಶದ ಕಡೆ ಹೋಯಿತು, ಇಲ್ಲಿ ಮೆಚ್ಚುಗೆ ಕಡೆ ಬಂತು. ಇನ್ನು ಹ್ಯಾವಕ್‌ಗೆ ಕನ್ನಡದಲ್ಲಿ ಸರಿಯಾಗಿ ಕೂರುವ ಪದ ಹಾವಳಿಯೇ. ಆನೆ ಹಾವಳಿ, ಕಳ್ಳರ ಹಾವಳಿ ಅನ್ನುವಾಗ ಬರುವ ದಿಕ್ಕೆಟ್ಟ ಗಲಾಟೆಯ ಭಾವ ಧ್ವಂಸದಲ್ಲಿ ಬರುವುದಿಲ್ಲ. ಸದ್ದೂ ಹತ್ತಿರ, ಅರ್ಥವೂ ಹತ್ತಿರ. ಹಾಗಂತ ಎರಡಕ್ಕೂ ನಂಟು ಹಾಕಲು ಹೋಗಬೇಡಿ, ಏನೂ ಇಲ್ಲ, ಬರೀ ಕಾಕತಾಳೀಯ.

ಈ ಕೂಗಿನ ಬೆನ್ನು ಹತ್ತಿ ಬೇರೆ ಕಡೆಯೂ ಒಂದಷ್ಟು ಓದಿದೆ. 1385ರಲ್ಲಿ ಇಂಗ್ಲೆಂಡಿನ ರಾಜ ಎರಡನೇ ರಿಚರ್ಡ್ ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋಗುವಾಗ ತನ್ನ ಸೈನ್ಯಕ್ಕೆ ಕಟ್ಟಳೆ ಹೊರಡಿಸಿದ. ಅದರಲ್ಲಿ ಒಂದು: ಯಾರೂ ಹ್ಯಾವಕ್ ಅಂತ ಕೂಗಕೂಡದು, ಕೂಗಿದರೆ ತಲೆ ಹೋಗುತ್ತದೆ. ಒಂದು ಪದ ಬಾಯಿಗೆ ಬಂದರೆ ತಲೆದಂಡ! ಯಾಕೆ ಅಂತ ಸ್ವಲ್ಪ ಯೋಚಿಸಿದರೆ ಗೊತ್ತಾಗುತ್ತದೆ. ಯುದ್ಧ ಇನ್ನೂ ನಡೆಯುತ್ತಿರುವಾಗ ಒಬ್ಬ ಆಸೆಬುರುಕ ಈ ಕೂಗು ಹಾಕಿದ ಅಂದರೆ ಸಾಲಿನಲ್ಲಿ ನಿಂತವರೆಲ್ಲ ಸಾಲು ಬಿಟ್ಟು ಮೂಟೆ ಕಟ್ಟಲು ಓಡುತ್ತಾರೆ, ಎದುರಿನವರು ತಿರುಗಿ ಬಿದ್ದರೆ ಗೆದ್ದ ಯುದ್ಧವೂ ಕೈ ತಪ್ಪುತ್ತದೆ. ಶತ್ರುವಿನ ಊರಿನ ಮೇಲೆ ಕರುಣೆಯಿಂದ ಮಾಡಿದ ಕಾನೂನು ಇದು ಅಂತ ನನಗೆ ಅನ್ನಿಸಲಿಲ್ಲ. ಸುಮಾರು 200 ವರ್ಷ ಕಳೆದು, 1599ರ ಆಸುಪಾಸಿನಲ್ಲಿ, ಷೇಕ್ಸ್‌ಪಿಯರ್ ತನ್ನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಇದೇ ಕೂಗನ್ನು ಸೀಸರನ ಹೆಣದ ಮುಂದೆ ನಿಂತ ಆಂಟನಿಯ ಬಾಯಲ್ಲಿ ಹಾಕಿದ. ಹ್ಯಾವಕ್‌ನ ಈಗಿನ ಖ್ಯಾತಿಗೆ ದೊಡ್ಡ ಪಾಲು ಅಲ್ಲಿಂದಲೇ ಬಂದಿದ್ದು.

ಸೈಟಿನ ನಿಜವಾದ ರುಚಿ ಇರುವುದು ಒಂದು ಪುಟದಿಂದ ಇನ್ನೊಂದಕ್ಕೆ ಜಿಗಿಯುವುದರಲ್ಲಿ. ನಾಶದ ಪದಗಳನ್ನೇ ಒಂದೊಂದಾಗಿ ಒತ್ತುತ್ತಾ ಹೋದೆ. ಡೆಸ್ಟ್ರಾಯ್‌ನ ಮೂಲದಲ್ಲಿರುವುದು ಲ್ಯಾಟಿನ್ನಿನ ಕಟ್ಟುವುದು ಅನ್ನುವ ಪದ, ಅದರ ಮುಂದೆ ‘ಡಿ’ ಸೇರಿ ಕಟ್ಟಿದ್ದನ್ನು ಬಿಚ್ಚುವುದು ಆಯಿತು. ಸ್ಟ್ರಕ್ಚರ್, ಕನ್‌ಸ್ಟ್ರಕ್ಷನ್ ಎಲ್ಲ ಅದರ ಒಡಹುಟ್ಟುಗಳು. ರೂಯಿನ್ ಅಂದರೆ ಕುಸಿದು ಬೀಳುವುದು. ಡೆವಸ್ಟೇಟ್‌ನಲ್ಲಿ ಇರುವುದು ಬರಿದು, ಖಾಲಿ ಅನ್ನುವ ಪದ, ವೇಸ್ಟ್ ಕೂಡ ಅದೇ ಕಡೆಯದು. ಅನೈಹಿಲೇಟ್ ಅಂದರೆ ಏನೂ ಇಲ್ಲದ ಹಾಗೆ, ಸೊನ್ನೆಗೆ ತರುವುದು. ಎಲ್ಲದರಲ್ಲೂ ಒಂದು ಕಟ್ಟಡವೋ ನೆಲವೋ ಕಣ್ಣಿಗೆ ಕಾಣುತ್ತದೆ. ಹ್ಯಾವಕ್‌ನಲ್ಲಿ ಮಾತ್ರ ಮನುಷ್ಯರ ಗಂಟಲು ಕೇಳುತ್ತದೆ. ಅದಕ್ಕೇ ಇರಬೇಕು, ಗೋಡೆ ತಾನಾಗಿ ಬಿದ್ದರೆ ನಾವು ಹ್ಯಾವಕ್ ಅನ್ನುವುದಿಲ್ಲ. ಕೋತಿ ಅಡುಗೆಮನೆಗೆ ನುಗ್ಗಿದರೆ ಅನ್ನುತ್ತೇವೆ.

ಡೆಸಿಮೇಟ್ ಬಗ್ಗೆ ಎರಡೇ ಮಾತು, ಯಾಕೆಂದರೆ ಅದರ ಬಗ್ಗೆ ಜಗಳ ಆಡುವವರು ಈಗಾಗಲೇ ಜಾಸ್ತಿ ಇದ್ದಾರೆ. ರೋಮನ್ ಸೈನ್ಯದಲ್ಲಿ ತಪ್ಪು ಮಾಡಿದ ತುಕಡಿಯಲ್ಲಿ ಚೀಟಿ ಎತ್ತಿ 10 ಜನರಿಗೆ ಒಬ್ಬನನ್ನು ಕೊಲ್ಲುವ ಶಿಕ್ಷೆ ಅದು. ಹಾಗಾಗಿ ‘ಹತ್ತರಲ್ಲಿ ಒಂದು’ ಅಂತಲೇ ಬಳಸಬೇಕು ಅಂತ ಕೆಲವರ ಹಠ. ಆದರೆ ಬಹುಪಾಲು ನಾಶ ಅನ್ನುವ ಸಡಿಲ ಅರ್ಥ 1660ರ ದಶಕದಿಂದಲೇ ಇದೆ. ಮೂರೂವರೆ ಶತಮಾನ ಆದ ಮೇಲೆ ಅದು ತಪ್ಪು ಅಂತ ವಾದ ಮಾಡುವುದು ನನಗಂತೂ ವ್ಯರ್ಥ ಅನ್ನಿಸುತ್ತದೆ.

ನನಗೆ ಈ ಸೈಟಿನ ಮೇಲೆ ನಂಬಿಕೆ ಬಂದಿದ್ದು ಸ್ಯಾಬೊಟಾಜ್ ಪುಟದಲ್ಲಿ. ಮುಷ್ಕರ ಹೂಡಿದ ಕಾರ್ಮಿಕರು ತಮ್ಮ ಮರದ ಚಪ್ಪಲಿಗಳನ್ನು ಯಂತ್ರದೊಳಗೆ ಎಸೆದರು, ಆ ಚಪ್ಪಲಿಯ ಹೆಸರು ಸ್ಯಾಬೊ, ಅಲ್ಲಿಂದ ಸ್ಯಾಬೊಟಾಜ್. ಈ ಕಥೆ ನೀವೂ ಕೇಳಿರುತ್ತೀರಿ, ನಾನೂ ನಾಲ್ಕು ಜನಕ್ಕೆ ಹೇಳಿದ್ದೇನೆ. ಪದದ ಇತಿಹಾಸ ಈ ಕಥೆಗೆ ಬೆಂಬಲ ಕೊಡುವುದಿಲ್ಲ ಅಂತ ಸೈಟು ನೇರವಾಗಿ ಹೇಳಿಬಿಡುತ್ತದೆ. ಚಪ್ಪಲಿಯ ನಂಟು ನಿಜ. ಮರದ ಚಪ್ಪಲಿ ಹಾಕಿ ಧಡಧಡ ನಡೆಯುವುದು, ಅದರಿಂದ ಕೆಲಸವನ್ನು ಒಡ್ಡೊಡ್ಡಾಗಿ ಕೆಡಿಸುವುದು, ಹೀಗೆ ಅರ್ಥ ಸರಿದಿದೆ. ಯಂತ್ರಕ್ಕೆ ಎಸೆದದ್ದು ಕಟ್ಟುಕಥೆ. ಚಂದದ ಕಥೆಯನ್ನು ಬಿಟ್ಟುಕೊಡಲು ಮನಸ್ಸು ಗಟ್ಟಿ ಬೇಕು. ಹ್ಯಾವಕ್‌ನಲ್ಲೂ ಹಾಗೆಯೇ, ಹಳೆಯ ಫ್ರೆಂಚಿನಿಂದ ಹಿಂದಕ್ಕೆ ಹೋದಾಗ ಜರ್ಮಾನಿಕ್ (ಇಂಗ್ಲಿಷ್, ಜರ್ಮನ್ ಭಾಷೆಗಳ ಕುಟುಂಬ) ಇರಬಹುದು ಅಥವಾ ಲ್ಯಾಟಿನ್ ಇರಬಹುದು ಅಂತ ಎರಡು ದಾರಿ ತೋರಿಸಿ ನಿಲ್ಲುತ್ತದೆ. ತೀರ್ಪು ಕೊಡುವುದಿಲ್ಲ.

ಹೊಸಬರಿಗೆ ಎರಡು ಸೂಚನೆ. ಪದದ ಪಕ್ಕ ಕಾಣುವ ವರ್ಷ ಪದ ಹುಟ್ಟಿದ ವರ್ಷ ಅಲ್ಲ. ಬರಹದಲ್ಲಿ ಉಳಿದು ಸಿಕ್ಕಿರುವ ಅತಿ ಹಳೆಯ ದಾಖಲೆಯ ವರ್ಷ. ಜನರ ಬಾಯಲ್ಲಿ ಅದಕ್ಕಿಂತ ಮೊದಲೇ ಇದ್ದಿರಬಹುದು. ಇನ್ನೊಂದು, ಕೆಲವು ಮೂಲರೂಪಗಳ ಮುಂದೆ ನಕ್ಷತ್ರದ ಗುರುತು ಇರುತ್ತದೆ. ಅವು ಎಲ್ಲೂ ಬರೆದಿಟ್ಟದ್ದು ಸಿಕ್ಕಿಲ್ಲ, ವಿದ್ವಾಂಸರು ಹೋಲಿಸಿ ನೋಡಿ ಕಟ್ಟಿದ ರೂಪಗಳು.

ಇದು ಅರ್ಥ ನೋಡುವ ಡಿಕ್ಷನರಿ ಅಲ್ಲ. ಸೈಟಿನವರೇ ಹಾಗೆ ಹೇಳಿಕೊಂಡಿದ್ದಾರೆ. ಇವತ್ತಿನ ವಾಕ್ಯದಲ್ಲಿ ಪದವನ್ನು ಹೇಗೆ ಕೂರಿಸಬೇಕು ಅನ್ನುವುದಕ್ಕೆ ಬೇರೆ ಡಿಕ್ಷನರಿ ಇಟ್ಟುಕೊಳ್ಳಿ. ಹಳೆಯ ವಾಕ್ಯಗಳನ್ನೇ ಸಾಲಾಗಿ ನೋಡಬೇಕು ಅನ್ನುವವರಿಗೆ ಆಕ್ಸ್‌ಫರ್ಡ್‌ನ ದೊಡ್ಡ ಡಿಕ್ಷನರಿ ಇದ್ದೇ ಇದೆ. 1989ರ ಮುದ್ರಣವೇ 20 ಸಂಪುಟ. ಆದರೆ ಅದನ್ನು ಆನ್‌ಲೈನ್‌ನಲ್ಲಿ ಪೂರ್ತಿ ನೋಡಲು ಚಂದಾ ಬೇಕು, ತಾಳ್ಮೆಯೂ ಬೇಕು. ಚಹಾ ಆರುವುದರೊಳಗೆ ಒಂದು ಪದದ ಜಾತಕ ಬೇಕು ಅಂದರೆ ಎಟಿಮಾನ್‌ಲೈನ್ ಸಾಕು. ನನ್ನ ಲೆಕ್ಕದಲ್ಲಿ 5ಕ್ಕೆ 4 ಸ್ಟಾರ್. ಪುಟಗಳು ತುಂಬಾ ಚುಟುಕು, ಅದಕ್ಕೆ ಒಂದು ಕಡಿಮೆ.

ರೀಕ್‌ನ ಪುಟವನ್ನೂ ನೋಡಿದೆ ಅನ್ನಿ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಅಟ್ಟುವುದು, ಸೇಡು ತೀರಿಸಿಕೊಳ್ಳುವುದು ಅನ್ನುವ ಅರ್ಥ ಇತ್ತಂತೆ. ಹೊರಗೆ ಅಟ್ಟಿಸಿಕೊಂಡ ದಿಕ್ಕಿಲ್ಲದವನನ್ನು ಹೇಳುವ ರೆಚ್ (wretch) ಕೂಡ ಅದೇ ಮನೆಯದು. ತಮಾಷೆ ಅಂದರೆ ನಾನು ತಪ್ಪಾಗಿ ಬರೆದ ರೆಕ್ ಕೂಡ ದೂರದ ನೆಂಟ. ಅದು ಮೊದಲು ಸಮುದ್ರ ದಡಕ್ಕೆ ಅಟ್ಟಿ ತಂದ ಸಾಮಾನು. ಅಂದರೆ ನನ್ನ ತಪ್ಪು ಕುಟುಂಬದ ಒಳಗೇ ಆದ ತಪ್ಪು.

ಹೋದ ವಾರ ಅದೇ ಸಹೋದ್ಯೋಗಿ ಒಂದು ರಿಪೋರ್ಟಿನಲ್ಲಿ ‘ರಾಟ್ (wrought) ಹ್ಯಾವಕ್’ ಅಂತ ಬರೆದಿದ್ದರು. ರಾಟ್ ಅನ್ನುವುದು ವರ್ಕ್ ಪದದ ಹಳೆಯ ಭೂತಕಾಲ, ರೀಕ್‌ನದ್ದಲ್ಲ. ಎಲ್ಲರಿಗೂ ಕಾಪಿ ಹಾಕಿ ಉತ್ತರ ಬರೆದು ಇಟ್ಟೆ. ಕಳಿಸುವ ಮೊದಲು ಸುಮ್ನೆ ಒಮ್ಮೆ ನೋಡೋಣ ಅಂತ ಹುಡುಕಿದರೆ ಆ ಬಳಕೆಯೂ ಈಗ ನಡೆಯುತ್ತದಂತೆ. ಡ್ರಾಫ್ಟ್ ಅಳಿಸಿದೆ.